ಗೈಡಿನೊಳಗಿನ ಸಂವಿಧಾನ

ನಮ್ಮ ವಿಮರ್ಶಕರು ಕಾದಂಬರಿ, ಕವಿತೆ, ನಾಟಕಗಳ ಬಗ್ಗೆ ಬರೆಯುತ್ತಾರೆ. ಕನ್ನಡದಲ್ಲಿ ಅತ್ಯಂತ ಶ್ರದ್ಧೆಯಿಂದ ಓದಿಸಿಕೊಳ್ಳುವ ಒಂದು ಗದ್ಯಪ್ರಕಾರದ ಕಡೆ ಅವರ ಕಣ್ಣು ಹೋದದ್ದು ಕಡಿಮೆ. ಅದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡು. ಅಡಿಗೆರೆ ಎಳೆದು, ಅಂಚಿನಲ್ಲಿ ಟಿಪ್ಪಣಿ ಬರೆದು, ಮೂರು ಬಾರಿ ತಿರುವಿಹಾಕಿ ಓದುವ ಓದುಗರು ಯಾವ ಕಾದಂಬರಿಕಾರನಿಗೆ ಸಿಕ್ಕಾರು?

ನಾನಿರುವುದು ಪೀಣ್ಯದ ಕಾರ್ಖಾನೆಗಳಿಗೆ ಹೊಂದಿಕೊಂಡ ಒಂದು ಬಡಾವಣೆಯಲ್ಲಿ. ಇಲ್ಲಿನ ಬಾಡಿಗೆ ಕೋಣೆಗಳಲ್ಲಿ ಚಿತ್ರದುರ್ಗ, ರಾಯಚೂರು, ಹಾವೇರಿ ಕಡೆಯಿಂದ ಬಂದ ಹುಡುಗರಿದ್ದಾರೆ. ಹಗಲು ಲೇತಿನ ಮುಂದೆ ನಿಂತು ರಾತ್ರಿ ಓದುವವರು ಕೆಲವರು, ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಓದುವವರು ಕೆಲವರು. ಕೆಎಎಸ್, ಪಿಡಿಒ, ಎಫ್‌ಡಿಎ, ಪಿಎಸ್‌ಐ ಎಂದು ಯಾವ ಅರ್ಜಿ ಕರೆದರೂ ಹಾಕುತ್ತಾರೆ. ನಾನು ಮೇಷ್ಟ್ರಾಗಿದ್ದವನೆಂದು ತಿಳಿದು, 'ಸಾರ್, ಇದೊಂದು ಸ್ವಲ್ಪ ಹೇಳಿ' ಎಂದು ಪುಸ್ತಕ ಹಿಡಿದು ಬರುತ್ತಾರೆ. ಹೀಗೆ ಐದಾರು ವರ್ಷಗಳಿಂದ ಸಂವಿಧಾನದ ಗೈಡುಗಳನ್ನು ಮೊದಲಿಂದ ಕೊನೆಯವರೆಗೆ ಓದಿದ್ದೇನೆ. ಆ ಓದಿನ ಬಲದ ಮೇಲೆ ಈ ನಾಲ್ಕು ಮಾತು.

ಮೊದಲು ಗೈಡಿನ ಗುಣವನ್ನು ಹೇಳಬೇಕು. ಗೈಡೆಂದರೆ ಮೂಗು ಮುರಿಯುವುದು ಓದಿದವರ ಚಾಳಿ. ಆದರೆ ದುರ್ಗಾದಾಸ ಬಸು ಅವರು 1960ರಲ್ಲಿ ಹೊರತಂದ ಇಂಗ್ಲಿಷ್ ಪುಸ್ತಕವನ್ನು ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಹುಡುಗ ಒಬ್ಬನೇ ಕೂತು ದಾಟುವುದು ಕಷ್ಟ. ಎಂ. ಲಕ್ಷ್ಮೀಕಾಂತ್ ಅವರ 'ಇಂಡಿಯನ್ ಪಾಲಿಟಿ'ಯೂ ಅದರ ಹಾದಿಯಲ್ಲಿ ಬಂದ ಕನ್ನಡ ಗೈಡುಗಳೂ ಆ ಬೆಟ್ಟಕ್ಕೆ ಮೆಟ್ಟಿಲು ಕಡಿದವು. 395 ವಿಧಿ, 8 ಅನುಸೂಚಿಗಳಿಂದ ಶುರುವಾಗಿ ನೂರಕ್ಕೂ ಹೆಚ್ಚು ಬಾರಿ ತಿದ್ದುಪಡಿಯಾದ ಗ್ರಂಥವನ್ನು ಪಟ್ಟಿಗಳಲ್ಲಿ, ಅಂಶಗಳಲ್ಲಿ ಜೋಡಿಸಿ ಕೈಗಿಟ್ಟವು. ವಕೀಲರ ಸೊತ್ತಾಗಿದ್ದದ್ದನ್ನು ಪಾಳಿಯ ಕೆಲಸಗಾರನ ಚೀಲಕ್ಕೆ ತಂದದ್ದು ಸಣ್ಣ ಕೆಲಸವಲ್ಲ.

ನನ್ನ ತಕರಾರು ಬೇರೆ. ಗೈಡಿನಲ್ಲಿ ಜಗಳವಿಲ್ಲ. ಸಂವಿಧಾನ ಬದುಕಿರುವುದೇ ಜಗಳದಲ್ಲಿ.

ಒಂದು ಉದಾಹರಣೆ ನೋಡೋಣ. ಗೈಡಿನಲ್ಲಿ 'ವಿಧಿ 356, ರಾಷ್ಟ್ರಪತಿ ಆಳ್ವಿಕೆ, ಬೊಮ್ಮಾಯಿ ಪ್ರಕರಣ, 1994' ಎಂದಿರುತ್ತದೆ. ಹುಡುಗರು ಅದನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಆದರೆ ಆ ಸಾಲಿನ ಹಿಂದೆ ಒಂದು ದೊಡ್ಡ ಕಥೆಯೇ ಇದೆ. ಸಂವಿಧಾನ ಸಭೆಯಲ್ಲಿ ತುರ್ತು ಅಧಿಕಾರಗಳನ್ನು ಕಟುವಾಗಿ ವಿರೋಧಿಸಿದವರಲ್ಲಿ ಎಚ್.ವಿ. ಕಾಮತ್ ಒಬ್ಬರು. ಮಂಗಳೂರಿನಲ್ಲಿ ಹುಟ್ಟಿ, ಐಸಿಎಸ್ ಪಾಸು ಮಾಡಿ, 1938ರಲ್ಲಿ ಆ ನೌಕರಿಯನ್ನು ಬಿಟ್ಟುಬಂದವರು. 356 ಬಳಕೆಗೇ ಬಾರದೆ ಉಳಿಯಲಿ ಎಂಬ ಆಸೆಯನ್ನು ಅಂಬೇಡ್ಕರ್ 1949ರಲ್ಲಿ ಹೇಳಿಕೊಂಡರು. ನಲವತ್ತು ವರ್ಷಗಳ ಬಳಿಕ, 1989ರ ಏಪ್ರಿಲ್ 21ರಂದು, ನಮ್ಮ ವಿಧಾನಸೌಧದಲ್ಲಿದ್ದ ಎಸ್.ಆರ್. ಬೊಮ್ಮಾಯಿ ಸರ್ಕಾರ ಅದೇ ವಿಧಿಯಡಿ ವಜಾ ಆಯಿತು. ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದ ಪತ್ರಗಳಿದ್ದವು. ಅವರಲ್ಲಿ ಏಳು ಮಂದಿ ಮರುದಿನವೇ ಮಾತು ತಿರುಗಿಸಿದರು. ಸದನದಲ್ಲಿ ಬಹುಮತ ಸಾಬೀತು ಮಾಡುತ್ತೇನೆಂದ ಮುಖ್ಯಮಂತ್ರಿಗೆ ರಾಜ್ಯಪಾಲರು ಆ ಅವಕಾಶ ಕೊಡಲಿಲ್ಲ. ಇಲ್ಲಿನ ಹೈಕೋರ್ಟು ಬೊಮ್ಮಾಯಿಯವರ ಅರ್ಜಿಯನ್ನು ತಳ್ಳಿಹಾಕಿತು. ಕೊನೆಗೆ 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ, ಬಹುಮತದ ಲೆಕ್ಕ ರಾಜಭವನದಲ್ಲಲ್ಲ, ಸದನದಲ್ಲಿ ಆಗಬೇಕೆಂದಿತು.

ಇಷ್ಟನ್ನು ಹೇಳಿ ಮುಗಿಸಿದಾಗ ಒಬ್ಬ ಹುಡುಗ ಕೇಳಿದ: 'ಹಾಗಾದ್ರೆ ಬೊಮ್ಮಾಯಿಯವರಿಗೆ ಏನು ಸಿಕ್ತು ಸಾರ್?' ಅವರಿಗೇನೂ ಸಿಗಲಿಲ್ಲ. 1989ರಲ್ಲೇ ಚುನಾವಣೆಯಾಗಿ ಬೇರೆ ಸರ್ಕಾರ ಬಂದಿತ್ತು. ಸಿಕ್ಕಿದ್ದು ಅವರ ನಂತರ ಬಂದವರಿಗೆ. ಆ ಹುಡುಗನ ಪ್ರಶ್ನೆ ಯಾವ ಗೈಡಿನಲ್ಲೂ ನನಗೆ ಸಿಕ್ಕಿಲ್ಲ. ಆದರೆ ಕಾನೂನೆಂದರೇನು ಎಂಬುದರ ಬಾಗಿಲು ತೆರೆಯುವುದು ಅಂಥ ಪ್ರಶ್ನೆಯಿಂದಲೇ.

ಕೇಶವಾನಂದ ಭಾರತಿ ಎಂಬ ಹೆಸರಿಗೂ ಇದೇ ಗತಿ. '1973, ಮೂಲ ಸಂರಚನೆ, 7–6' ಎಂದರೆ ಮುಗಿಯಿತು. ಆ ಹೆಸರಿನವರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳೆಂದೂ, ಯಕ್ಷಗಾನ, ಸಂಗೀತಗಳಲ್ಲಿ ಮುಳುಗಿದ್ದ ನಮ್ಮವರೇ ಎಂದೂ, 2020ರ ಸೆಪ್ಟೆಂಬರಿನವರೆಗೆ ನಮ್ಮ ನಡುವೆ ಇದ್ದರೆಂದೂ ಹೇಳಿದರೆ ಹುಡುಗರು ಬೆರಗಾಗುತ್ತಾರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಕೇರಳದ ಭೂಸುಧಾರಣೆ ಕಾಯಿದೆ ಮಠದ ಜಮೀನಿಗೆ ಕೈ ಹಾಕಿತು. 1970ರಲ್ಲಿ ಸ್ವಾಮಿಗಳು ಸುಪ್ರೀಂ ಕೋರ್ಟಿಗೆ ಹೋದರು. ಗೇಣಿದಾರನಿಗೆ ಭೂಮಿ ಸಿಗಬೇಕೆಂಬ ನ್ಯಾಯ ಒಂದು ಕಡೆ, ಪಾರ್ಲಿಮೆಂಟಿನ ಕೈಗೆ ಮಿತಿಯಿರಬೇಕೆಂಬ ನ್ಯಾಯ ಇನ್ನೊಂದು ಕಡೆ. ಸ್ವಾಮಿಗಳ ಮೊಕದ್ದಮೆಯಿಂದ ಸಂವಿಧಾನದ ಬೆನ್ನೆಲುಬು ಉಳಿಯಿತು, ಭೂಸುಧಾರಣೆಯೂ ಉಳಿಯಿತು. ಇವರಲ್ಲಿ ನಮ್ಮ ಪಕ್ಷ ಯಾವುದು? ಉಳುವವನೇ ಒಡೆಯನಾದದ್ದರಿಂದ ಎರಡೆಕರೆ ಪಡೆದ ಮನೆಯ ಮಗ ಈ ಪ್ರಶ್ನೆಯನ್ನು ತನ್ನ ಮನೆಯಿಂದಲೇ ಯೋಚಿಸಬಲ್ಲ. ಗೈಡು ಅವನಿಗೆ ಆ ಸಂದರ್ಭವನ್ನೇ ಕೊಡುವುದಿಲ್ಲ.

ದೂರದ ಮಾತು ಬಿಡೋಣ, ಓದುವವನು ಕೂತ ಜಾಗವೂ ಗೈಡಿನಿಂದ ಮಾಯವಾಗಿದೆ. ವಿಧಿ 19(1)(ಬಿ) ಶಾಂತಿಯುತವಾಗಿ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕು. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಹೊಸೂರು ರಸ್ತೆಯಲ್ಲೂ ನಮ್ಮ ಪೀಣ್ಯದ ಕಡೆಯೂ ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಎರಡನೆಯ ದಿನ ಕಲ್ಲು, ಬೆಂಕಿ, ಲಾಠಿ, ಅಶ್ರುವಾಯು ಎಲ್ಲವೂ ಆಯಿತು. ಅದೇ ಏಪ್ರಿಲ್ 19ರಂದು ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ನನ್ನ ಬಳಿ ಬರುವ ಒಬ್ಬ ಹುಡುಗನ ಅಕ್ಕ ಆ ಗುಂಪಿನಲ್ಲಿದ್ದಳು. 'ಶಾಂತಿಯುತ' ಎಂಬ ಮಾತು ಎಲ್ಲಿ ಮುಗಿಯುತ್ತದೆ, ಅದನ್ನು ಮುಗಿಸಿದವರು ಯಾರು ಎಂದು ತಿಳಿಯಲು ಅವನು ಅಕ್ಕನನ್ನು ಕೇಳಬಹುದಿತ್ತು. ಅವನು ವಿಧಿಯ ಸಂಖ್ಯೆಯನ್ನಷ್ಟೇ ಬಾಯಿಪಾಠ ಮಾಡಿದ್ದ.

ಊರಿನ ಇನ್ನೊಂದು ತುದಿಗೆ ಹೋಗೋಣ. 243ಕ್ಯೂ ವಿಧಿಯಲ್ಲಿ ಒಂದು ಪರಂತು ಇದೆ: ಕೈಗಾರಿಕಾ ಟೌನ್‌ಶಿಪ್ ಎಂದು ರಾಜ್ಯಪಾಲರು ಸಾರಿದ ಕಡೆ ಪುರಸಭೆ ರಚಿಸಬೇಕಾಗಿಲ್ಲ. ಎಲೆಕ್ಟ್ರಾನಿಕ್ ಸಿಟಿ 2013ರಲ್ಲಿ ಹೀಗೆ ತನ್ನದೇ ಪ್ರಾಧಿಕಾರ ಪಡೆಯಿತು. ಅದನ್ನು ನಡೆಸುವುದು ಮತದಾರರು ಆರಿಸಿದ ಕೌನ್ಸಿಲ್ ಅಲ್ಲ. ಅಲ್ಲಿನ ರಸ್ತೆ, ದೀಪಗಳನ್ನು ನೋಡಿ ಮೆಚ್ಚುವವರು ಬಹಳ. ಇತ್ತ ಉಳಿದ ಬೆಂಗಳೂರಿಗೆ 243ಯು ವಿಧಿ ಅವಧಿ ಮುಗಿಯುವ ಮೊದಲೇ ಚುನಾವಣೆಯಾಗಬೇಕು ಎನ್ನುತ್ತದೆ. ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದು, 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದಾಗಿ ಒಡೆಯುವವರೆಗೂ ಚುನಾವಣೆ ಆಗಲಿಲ್ಲ. ಓಟಿಲ್ಲದ ಅಚ್ಚುಕಟ್ಟು ಬೇಕೋ, ಓಟಿರುವ ಗಲಾಟೆ ಬೇಕೋ? ನಾಳೆ ಆಡಳಿತ ನಡೆಸಬೇಕಾದವನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಯಾವುದಿದೆ? ಗೈಡಿನಲ್ಲಿ ಈ ಎರಡು ವಿಧಿಗಳೂ ಒಂದೇ ಪಟ್ಟಿಯಲ್ಲಿವೆ, ಪರಸ್ಪರ ಪರಿಚಯವೇ ಇಲ್ಲದವರಂತೆ.

ಇನ್ನು ಗೈಡಿನ ಕನ್ನಡ. 'ಬಂದೀಪ್ರತ್ಯಕ್ಷೀಕರಣ' ಎಂಬ ಶಬ್ದವನ್ನು ಓದಿದ ಹುಡುಗನಿಗೆ, ಹಿಡಿದಿಟ್ಟವನನ್ನು ತಂದು ನ್ಯಾಯಾಧೀಶರ ಮುಂದೆ ನಿಲ್ಲಿಸಿ ಎಂಬ ಆ ಸರಳವಾದ, ಭಯಂಕರವಾದ ಆಜ್ಞೆ ಕೇಳಿಸುವುದಿಲ್ಲ. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದೇ ಆಜ್ಞೆ ಬೇಡಿ ನಮ್ಮ ಹೈಕೋರ್ಟಿಗೆ ಹೋಗಿದ್ದರು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು, ಎಚ್.ಆರ್. ಖನ್ನಾ ಒಬ್ಬರ ಭಿನ್ನಮತದೊಂದಿಗೆ, ಆ ಬಾಗಿಲು ಮುಚ್ಚಿತು. ಆ ಸೆರೆಮನೆ ಇಂದು ಫ್ರೀಡಂ ಪಾರ್ಕು. ಪೀಣ್ಯದಿಂದ ಹುಡುಗರು ಹೋಗಿ ನೋಡಿಬರಬಹುದಾದ ಜಾಗ ಅದು.

ಭಾಷೆಯ ಈ ರೋಗ ಗೈಡಿನಲ್ಲಷ್ಟೇ ಇದ್ದಿದ್ದರೆ ಸಹಿಸಬಹುದಿತ್ತು. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಲೋಕಸೇವಾ ಆಯೋಗ 2024ರ ಆಗಸ್ಟ್ 27ರಂದು ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಅನುವಾದದ ದೋಷದಿಂದ ಅರ್ಥವಾಗದಂತಾಗಿ, ಸರ್ಕಾರ ಮರುಪರೀಕ್ಷೆಗೆ ಹೇಳಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅದೇ ದೂರು ಕೇಳಿಬಂತು. ಕನ್ನಡದಲ್ಲಿ ಯೋಚಿಸಿ ಬರೆದ ಪ್ರಶ್ನೆ ಹೀಗೆ ಎಡವುವುದಿಲ್ಲ. ಬೇರೆ ಭಾಷೆಯಲ್ಲಿ ಹುಟ್ಟಿದ್ದನ್ನು ಕೊನೆಯ ಗಳಿಗೆಯಲ್ಲಿ ತಂದಿಟ್ಟರೆ ಎಡವುತ್ತದೆ. ಗೈಡೂ ಪ್ರಶ್ನೆಪತ್ರಿಕೆಯೂ ಒಂದೇ ತಾಯಿಯ ಮಕ್ಕಳು.

'ಸಾರ್, ನಮಗೆ ಮಾರ್ಕ್ಸು ಬೇಕು, ಕಥೆ ಕೇಳ್ತಾ ಕೂತ್ರೆ ಸಿಲಬಸ್ ಮುಗಿಯಲ್ಲ' ಎಂದು ಹುಡುಗರು ಹೇಳುತ್ತಾರೆ. ಪಾಳಿ ಮುಗಿಸಿ ಬಂದವನ ಈ ಮಾತನ್ನು ಹಗುರವಾಗಿ ಕಾಣಲು ನನಗೆ ಹಕ್ಕಿಲ್ಲ. ಒಂದು ಅಂಕಕ್ಕೆ ಒಂದು ಬದುಕು ತಪ್ಪಿಹೋಗುವ ಪರೀಕ್ಷೆಯಿದು. ಆದರೆ ಪಾಸಾದವನು ನಾಳೆ ತಹಸೀಲ್ದಾರನಾಗಿ ಕೂರುತ್ತಾನೆ. ಅವನ ಮುಂದೆ ಗುಡಿಸಲು ಕಿತ್ತವನ ಅರ್ಜಿಯೂ ಗುಡಿಸಲು ಕಳೆದುಕೊಂಡವಳ ಅರ್ಜಿಯೂ ಬರುತ್ತವೆ. ಅಲ್ಲಿ ನಾಲ್ಕು ಆಯ್ಕೆ ಕೊಟ್ಟು ಸರಿಯುತ್ತರ ಗುರುತಿಸಿ ಎನ್ನುವವರು ಯಾರೂ ಇರುವುದಿಲ್ಲ. ಎರಡೂ ಕಡೆಯ ಮಾತು ಕೇಳುವ ಕಿವಿ ಅವನಿಗೆ ಬೇಕು. ಅದನ್ನು ಕಲಿಸಬಲ್ಲ ಪುಸ್ತಕ ಸಂವಿಧಾನ. ಅದನ್ನು ಕಲಿಸದಂತೆ ಕಾದಿರುವ ಪುಸ್ತಕ ಗೈಡು.

ನಾನು ಕೇಳುವುದು ದೊಡ್ಡದೇನಲ್ಲ. ಗೈಡು ಬರೆಯುವವರು ಪ್ರತಿ ಪ್ರಕರಣದ ಕೆಳಗೆ ಮೂರು ಸಾಲು ಸೇರಿಸಲಿ: ಯಾರು ಹೋದರು, ಏನು ಕೇಳಿದರು, ಎದುರು ಪಕ್ಷ ಏನೆಂದಿತು. ಆ ಮೂರು ಸಾಲು ಸಂಸ್ಕೃತದ ಗಂಟಿಲ್ಲದ ಕನ್ನಡದಲ್ಲಿರಲಿ. ಪುಸ್ತಕ ನೂರು ಪುಟ ದಪ್ಪವಾದೀತು. ಪೀಣ್ಯದ ಹುಡುಗರು ಅದಕ್ಕಿಂತ ಭಾರವಾದದ್ದನ್ನು ದಿನವೂ ಎತ್ತುತ್ತಾರೆ.