ಆರು ಗುಂಡಿನವರಿಗೂ ದಾರಿ ಬಿಡುವ ಸ್ಟೇಜ್

ನಾವು ಕೆಜಿಎಫ್‌ನವರು ಎಂದ ಕೂಡಲೇ ಹೊರಗಿನವರು ಈಗ ಚಿನ್ನ ಬಿಟ್ಟು ಬಂದೂಕಿನ ಮಾತೆತ್ತುತ್ತಾರೆ. 2022ರ ಸಿನಿಮಾದ ‘ದೊಡ್ಡಮ್ಮ’ನ ಮಹಿಮೆ ಅದು. ಗುಂಡು ಮುಗಿದೀತೆಂಬ ಚಿಂತೆ ಆ ಮೆಷಿನ್‌ಗನ್ನಿಗೆ ಇದ್ದಂತೆ ಕಾಣುವುದಿಲ್ಲ. ಇಲ್ಲಿ ಹೇಳಹೊರಟಿರುವುದು ಸದಾ ಅದೇ ಚಿಂತೆಯಲ್ಲಿರುವ ಆಯುಧದ ಸಂಗತಿ: ಆರೇ ಗುಂಡು ಹಿಡಿಯುವ ರಿವಾಲ್ವರ್. ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತ ಮೊಬೈಲಿನಲ್ಲಿ ಪ್ರಾಕ್ಟಿಕಲ್ ಶೂಟಿಂಗ್ ವಿಡಿಯೋ ನೋಡುವವರು ಶೂಟರನ್ನಷ್ಟೇ ನೋಡುತ್ತಾರೆ. ಆ ಕಣವನ್ನು ಕಟ್ಟಿದವರ ಕೈಚಳಕ ಕಾಣತೊಡಗಿದರೆ ಆಟದ ರುಚಿಯೇ ಬೇರೆ.

ನಮಗೆ ಪರಿಚಯವಿರುವುದು ಒಲಿಂಪಿಕ್ ಮಾದರಿಯ ಶೂಟಿಂಗ್. ಅಲ್ಲಿ ರಿವಾಲ್ವರಿಗೆ ಅನ್ಯಾಯವಾಗುವ ಪ್ರಶ್ನೆಯೇ ಹುಟ್ಟುವುದಿಲ್ಲ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಜಸ್ಪಾಲ್ ರಾಣಾ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದ 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯನ್ನೇ ತೆಗೆದುಕೊಳ್ಳಿ. ಒಟ್ಟು 60 ಗುಂಡು, ಆದರೆ ಹೊಡೆಯುವುದು ಐದೈದರ ಸರಣಿಯಲ್ಲಿ. ಆರು ಕೋಣೆಯ ಸಿಲಿಂಡರಿಗೆ ಐದು ಯಾವ ಲೆಕ್ಕ?

ಪ್ರಾಕ್ಟಿಕಲ್ ಶೂಟಿಂಗ್‌ನಲ್ಲಿ ಹಾಗಲ್ಲ. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ ಹುಟ್ಟಿದ ಐಪಿಎಸ್‌ಸಿ ಸಂಸ್ಥೆ ಈ ಆಟಕ್ಕೆ ಅಂತರರಾಷ್ಟ್ರೀಯ ರೂಪ ಕೊಟ್ಟಿತು. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷರು. ಇಲ್ಲಿ ಶೂಟರ್ ಓಡುತ್ತಾರೆ, ಬಾಗುತ್ತಾರೆ, ಕಿಟಕಿಯಲ್ಲಿ ಇಣುಕಿ ಹೊಡೆಯುತ್ತಾರೆ. ಪ್ರತಿಯೊಂದು ಕಣವೂ ಒಂದು ಸ್ಟೇಜ್. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಬರುವ ಸಂಖ್ಯೆಯ ಹೆಸರು ಹಿಟ್ ಫ್ಯಾಕ್ಟರ್. 10 ಸೆಕೆಂಡಿನಲ್ಲಿ 60 ಅಂಕ ಎಂದರೆ 6. ಅದೇ 60 ಅಂಕಕ್ಕೆ ನಡುವೆ ಎರಡೂವರೆ ಸೆಕೆಂಡು ನಿಂತು ಗುಂಡು ತುಂಬಬೇಕಾಗಿ ಬಂದರೆ 4.8ಕ್ಕೆ ಇಳಿಯುತ್ತದೆ. ಗುರಿ ತಪ್ಪಿಲ್ಲ, ಕೈ ನಡುಗಿಲ್ಲ, ಆದರೂ ಐದನೇ ಒಂದು ಪಾಲು ಹೋಯಿತು.

ಆದ್ದರಿಂದ ಮೊದಲು ಎಣಿಸುವುದನ್ನು ಕಲಿಯಿರಿ. ವಿಡಿಯೋ ನಿಧಾನ ಮಾಡಿ, ಒಂದು ಜಾಗದಿಂದ ಎಷ್ಟು ಗುಂಡು ಹಾರಬೇಕು ಎಂದು ನೋಡಿ. ಕಾಗದದ ಟಾರ್ಗೆಟ್‌ಗೆ ಸಾಮಾನ್ಯವಾಗಿ ಎರಡು, ಬೀಳಿಸಬೇಕಾದ ಉಕ್ಕಿನ ಪಾಪರ್‌ಗೆ ಒಂದು. ಮೂರು ಕಾಗದ ಎಂದರೆ ಆರು; ಅಲ್ಲಿಗೆ ಸಿಲಿಂಡರ್ ಖಾಲಿ. ಇನ್ನೊಂದು ಜಾಗಕ್ಕೆ ಓಡುವಾಗ ಖಾಲಿ ಕಾಟ್ರಿಜ್ ಉದುರಿಸಿ, ಆರೂ ಗುಂಡುಗಳನ್ನು ಒಟ್ಟಿಗೆ ಹಿಡಿದಿಡುವ ತೆಳು ಉಕ್ಕಿನ ಬಿಲ್ಲೆ, ಅಂದರೆ ಮೂನ್ ಕ್ಲಿಪ್, ಒಳಗೆ ತಳ್ಳಿದರಾಯಿತು. ಕ್ರಿಕೆಟ್ಟಿನಲ್ಲಿ ಆರು ಚೆಂಡಾದ ಮೇಲೆ ಫೀಲ್ಡರುಗಳು ಜಾಗ ಬದಲಿಸುವ ಹೊತ್ತು ಯಾರಿಗೂ ನಷ್ಟವೆನಿಸುವುದಿಲ್ಲವಲ್ಲ, ಹಾಗೆ ಈ ರೀಲೋಡ್ ಓಟದಲ್ಲಿ ಕರಗಿಹೋಗುತ್ತದೆ. ಆದರೆ ಅದೇ ಜಾಗದಲ್ಲಿ ನಾಲ್ಕನೇ ಕಾಗದವನ್ನೂ ನೆಟ್ಟರೆ? ಹದಿನೇಳು ಗುಂಡಿನ ಪಿಸ್ತೂಲಿನವರು ತಿರುಗಿಯೂ ನೋಡುವುದಿಲ್ಲ. ರಿವಾಲ್ವರಿನವರು ಎರಡೇ ಎರಡು ಗುಂಡಿಗಾಗಿ ಕಂಬದಂತೆ ನಿಂತು ತುಂಬಬೇಕು.

ನಿಯಮ ಇದನ್ನು ತಡೆಯುವುದಿಲ್ಲ. ಐಪಿಎಸ್‌ಸಿಯ ಮಧ್ಯಮ ಸ್ಟೇಜ್‌ಗೆ ಮಿತಿ 24 ಗುಂಡು, ದೀರ್ಘ ಸ್ಟೇಜ್‌ಗೆ 32. ಎರಡರಲ್ಲೂ ಒಂದೇ ಜಾಗದಿಂದ ಕೇಳಬಹುದಾದ ಹಿಟ್‌ಗಳು ಒಂಬತ್ತರವರೆಗೆ. ಆರಕ್ಕೂ ಒಂಬತ್ತಕ್ಕೂ ನಡುವಿನ ಆ ಮೂರು ಗುಂಡಿನ ಅಂತರವನ್ನು ವಿನ್ಯಾಸಕಾರರ ವಿವೇಚನೆಗೆ ಬಿಟ್ಟಿದ್ದಾರೆ.

ರಿವಾಲ್ವರಿಗೆ ಬೇರೆ ವಿಭಾಗವೇ ಇರುವಾಗ, ಅವರವರಲ್ಲೇ ಪೈಪೋಟಿ ತಾನೇ, ಎಲ್ಲರಿಗೂ ಕಷ್ಟ ಒಂದೇ ಎಂದು ವಾದಿಸುವವರಿದ್ದಾರೆ. ವಾದ ತಪ್ಪಲ್ಲ, ಆದರೆ ನೀರಸ. ನಿಂತಲ್ಲೇ ತುಂಬುವ ಪರೀಕ್ಷೆಯೇ ಇಡೀ ಸ್ಪರ್ಧೆಯಾದರೆ, ಯಾವ ಟಾರ್ಗೆಟ್ ಮೊದಲು, ಯಾವ ಹೆಜ್ಜೆಯಲ್ಲಿ ರೀಲೋಡ್ ಎಂಬ ಯೋಚನೆಗೆ ಜಾಗವೆಲ್ಲಿ? ರಿವಾಲ್ವರ್ ಶೂಟರ್ ಜೆರ್ರಿ ಮಿಕ್ಯುಲೆಕ್ 1999ರಲ್ಲಿ ರೀಲೋಡ್ ಸೇರಿಸಿ 12 ಗುಂಡುಗಳನ್ನು 2.99 ಸೆಕೆಂಡಿನಲ್ಲಿ ಹಾರಿಸಿದ್ದನ್ನು ಕೆಲವರು ಎತ್ತುತ್ತಾರೆ. ಅವರೊಬ್ಬರಿಗಾಗಿ ಸ್ಟೇಜ್ ಕಟ್ಟಲಾದೀತೆ?

ಹಾಗೆಂದು ಎಲ್ಲ ಕಡೆ ಆರಾರನ್ನೇ ಜೋಡಿಸಿಟ್ಟವರು ಜಾಣರು ಎಂದು ನಾನು ಒಪ್ಪುವುದಿಲ್ಲ. ಆರು, ಓಟ, ಆರು, ಓಟ ಎಂದಾದರೆ ಶೂಟರಿಗೆ ಬಿಡಿಸಲು ಏನೂ ಉಳಿಯುವುದಿಲ್ಲ. ಅಲ್ಲದೆ ಎಂಟು ಕೋಣೆಯ ರಿವಾಲ್ವರುಗಳೂ ಕಣಕ್ಕೆ ಬಂದಿವೆ; ಅವರ ಲೆಕ್ಕ ಬೇರೆ. ಒಳ್ಳೆಯ ವಿನ್ಯಾಸಕಾರರು ಒಂದೇ ಟಾರ್ಗೆಟನ್ನು ಎರಡು ಕಡೆಯಿಂದ ಕಾಣುವಂತೆ ಇಡುತ್ತಾರೆ. ಇಲ್ಲೇ ಮುಗಿಸುವುದೋ ಮುಂದಿನ ಜಾಗಕ್ಕೆ ಒಯ್ಯುವುದೋ, ಅದು ಶೂಟರಿಗೆ ಬಿಟ್ಟದ್ದು. ಸ್ಪರ್ಧೆಗೆ ಮುನ್ನ ಶೂಟರುಗಳು ಬರಿಗೈ ಚಾಚಿ, ಬೆರಳು ತೋರಿಸುತ್ತ, ತಮ್ಮಷ್ಟಕ್ಕೇ ಗೊಣಗುತ್ತ ಕಣದಲ್ಲಿ ಅಡ್ಡಾಡುವ ಕೆಲವು ನಿಮಿಷ ಇರುತ್ತದೆ. ಅದನ್ನು ಓಡಿಸಿ ಮುಂದೆ ಹೋಗಬೇಡಿ. ಪಿಸ್ತೂಲಿನವರೂ ರಿವಾಲ್ವರಿನವರೂ ಬೇರೆ ಬೇರೆ ದಾರಿ ಹುಡುಕುತ್ತಿದ್ದರೆ ಸ್ಟೇಜ್‌ನಲ್ಲಿ ಸತ್ವವಿದೆ.

ಉಕ್ಕಿನ ಟಾರ್ಗೆಟ್‌ಗಳ ವಿಷಯ ಇನ್ನೂ ಸೂಕ್ಷ್ಮ. ಒಂದೇ ಜಾಗದಲ್ಲಿ ಆರು ಪಾಪರ್ ನಿಲ್ಲಿಸಿದರೆ ಲೆಕ್ಕ ಸರಿ, ನ್ಯಾಯ ಸರಿಯಲ್ಲ. ಒಂದು ತಪ್ಪಿದರೂ ಮತ್ತೆ ಹೊಡೆಯಲು ಗುಂಡಿಲ್ಲ. ನಾಲ್ಕೋ ಐದೋ ಇಟ್ಟು ಒಂದೆರಡು ಗುಂಡು ಉಳಿಯುವಂತೆ ನೋಡಿಕೊಳ್ಳುವುದು ತಿಳಿದವರ ಕೆಲಸ. ಪಾಪರ್ ಬಿದ್ದೊಡನೆ ಅತ್ತಿತ್ತ ತೂಗತೊಡಗುವ ಸ್ವಿಂಗರ್ ಇದ್ದರಂತೂ ಆ ಪಾಪರ್ ಎಷ್ಟನೇ ಗುಂಡಿಗೆ ಬರುತ್ತದೆ ಎಂದು ನೋಡಲೇಬೇಕು. ಐದನೆಯದೋ ಆರನೆಯದೋ ಆದರೆ, ಸ್ವಿಂಗರ್ ಆಡುತ್ತಿರುವಾಗ ರಿವಾಲ್ವರಿನವರು ಅದಕ್ಕೆ ಬೇಕಾದ ಎರಡು ಗುಂಡಿಲ್ಲದೆ ಸಿಲಿಂಡರ್ ತೆರೆಯುತ್ತಿರುತ್ತಾರೆ.

ಕಣ್ಣು ಪಳಗಿಸಲು ‘ಎಲ್ ಪ್ರೆಸಿಡೆಂಟೆ’ಗಿಂತ ಒಳ್ಳೆಯ ಪಾಠವಿಲ್ಲ. ಜೆಫ್ ಕೂಪರ್ ರೂಪಿಸಿದ್ದು. ಟಾರ್ಗೆಟ್‌ಗಳಿಗೆ ಬೆನ್ನು ಹಾಕಿ ನಿಂತವರು ತಿರುಗಿ, ಮೂರು ಟಾರ್ಗೆಟ್‌ಗೆ ಎರಡೆರಡು, ಕಡ್ಡಾಯ ರೀಲೋಡ್, ಮತ್ತೆ ಎರಡೆರಡು. ಇಲ್ಲಿ ರೀಲೋಡ್ ನಿಂತಲ್ಲೇ, ಆದರೆ ಎಲ್ಲರಿಗೂ, ಅದೂ ಆರರ ನಂತರ. ಸಾಧ್ಯವಾದರೆ ಇಯರ್‌ಫೋನ್ ಹಾಕಿ ಕೇಳಿ. ಆರು ಹೊಡೆತ, ಸಿಲಿಂಡರ್ ತೆರೆದ ಸದ್ದು, ಬಿಲ್ಲೆ ನೆಲಕ್ಕೆ ಬಿದ್ದ ಕಿಣಿ, ಸಿಲಿಂಡರ್ ಮುಚ್ಚಿದ ಟಕ್, ಮತ್ತೆ ಆರು. ಪಿಸ್ತೂಲಿನ ಸುರಿಮಳೆಯಲ್ಲಿ ಈ ಲಯ ಸಿಕ್ಕುವುದಿಲ್ಲ.

ಇನ್ನು ಕಾಗದ, ಪೆನ್ಸಿಲ್ ತೆಗೆಯಿರಿ. ಬಂಗಾರಪೇಟೆಯಿಂದ ಮಾಲೂರು ಬರುವಷ್ಟರಲ್ಲಿ ಮುಗಿಯುವ ಲೆಕ್ಕ ಇದು. ಮೂರು ಕಿಟಕಿ, ಒಂದೊಂದರಲ್ಲೂ ನಾಲ್ಕು ಕಾಗದದ ಟಾರ್ಗೆಟ್, ಒಟ್ಟು 24 ಗುಂಡು. ಆರು ಗುಂಡಿನವರು ಪ್ರತಿ ಕಿಟಕಿಯಲ್ಲೂ ಒಮ್ಮೆ ನಿಂತು ತುಂಬಬೇಕು, ಮೂರು ಸಲ ದಂಡ. ಪ್ರತಿ ಗುಂಪಿನ ಒಂದು ಟಾರ್ಗೆಟನ್ನು, ಪಕ್ಕದ ಓಣಿಯಲ್ಲಿ ನಡೆಯುವಾಗಲೂ ಕಾಣುವಂತೆ, ನಾಲ್ಕು ಹೆಜ್ಜೆ ಆಚೆ ಸರಿಸಿ ನೋಡಿ. ಕಿಟಕಿಯಲ್ಲಿ ಆರು ಹೊಡೆದು, ನಡೆಯುತ್ತ ತುಂಬಿ, ಓಣಿಯಲ್ಲಿ ಎರಡು ಹೊಡೆದು, ಮುಂದಿನ ಕಿಟಕಿ ಸೇರುವುದರೊಳಗೆ ಇನ್ನೊಮ್ಮೆ ತುಂಬಿಕೊಳ್ಳಬಹುದು. ಉಳಿದ ನಾಲ್ಕು ಗುಂಡು ನೆಲದ ಪಾಲು, ಆದರೆ ಕಾಲು ನಿಲ್ಲುವುದಿಲ್ಲ. ಪಿಸ್ತೂಲಿನವರಿಗೆ ಇದರಿಂದ ಒಂದು ಸೆಕೆಂಡೂ ನಷ್ಟವಿಲ್ಲ. ಅವರು ನಾಲ್ಕನ್ನೂ ಕಿಟಕಿಯಲ್ಲೇ ಮುಗಿಸಬಹುದು. ಓಣಿ ನಾಲ್ಕು ಹೆಜ್ಜೆಗಿಂತ ಗಿಡ್ಡವಾದರೆ ಮಾತ್ರ ಈ ಉಪಾಯ ನಡೆಯದು. ಆಗ ಗೋಡೆಯನ್ನೇ ಸರಿಸಬೇಕು.