ರುಮಾಲೆಯವರ ಮರಗಳು

ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯನವರನ್ನು (1910–1988) ಡಚ್ ಕಲಾವಿದ ವಿನ್ಸೆಂಟ್ ವ್ಯಾನ್‌ಗೋನಿಗೆ (1853–1890) ಹೋಲಿಸುವುದುಂಟು. ಬಣ್ಣದ ಬಿರುಸನ್ನು ಕಂಡವರಿಗೆ ಇದು ಸಹಜವೇ. ಆದರೆ ನಿಜವಾದ ಸಾಮ್ಯವು ಬಾಳಿನಲ್ಲಿದೆ, ಭೇದವು ಕೃತಿಯಲ್ಲಿದೆ.

ಇಬ್ಬರೂ ಸೇವೆಯ ಹಾದಿಯಿಂದ ಕಲೆಗೆ ಬಂದವರು. ಬೆಲ್ಜಿಯಮ್ಮಿನ ಗಣಿಗಾರರ ನಡುವೆ ಧರ್ಮಬೋಧಕನಾಗಿದ್ದ ವ್ಯಾನ್‌ಗೋ ಉಟ್ಟ ಬಟ್ಟೆಯನ್ನೂ ದಾನಮಾಡಿದನು. 1879ರಲ್ಲಿ ಆ ಕೆಲಸ ತಪ್ಪಲು, ಮರುವರ್ಷ ಕಲಾವಿದನಾಗಲು ನಿಶ್ಚಯಿಸಿದನು. ರುಮಾಲೆಯವರು ಚಿತ್ರಕಲೆಯನ್ನು ಕಲಿತೂ ಬದಿಗಿರಿಸಿ, ಸ್ವಾತಂತ್ರ್ಯ ಹೋರಾಟ ಮತ್ತು ಸಾರ್ವಜನಿಕ ಸೇವೆಯಲ್ಲಿ ದಶಕಗಳನ್ನು ಸವೆಸಿ, ಐವತ್ತು ದಾಟಿದ ಮೇಲೆ ಕುಂಚಕ್ಕೆ ಮರಳಿದರು.

ವ್ಯಾನ್‌ಗೋನ ‘ಆಲೂಗೆಡ್ಡೆ ತಿನ್ನುವವರು’ (1885) ಚಿತ್ರದಲ್ಲಿ ಮಣ್ಣು ಅಗೆದ ಕೈಗಳೇ ಅನ್ನವನ್ನು ಹಂಚಿಕೊಳ್ಳುತ್ತವೆ. ಕಾಯಕ, ದಾಸೋಹಗಳನ್ನು ಬಲ್ಲ ನಮಗೆ ಅದರ ವ್ಯಾಖ್ಯಾನ ಬೇಕಿಲ್ಲ. ಜನಸೇವಕರಾದ ರುಮಾಲೆಯವರಲ್ಲಾದರೋ ಅಂತಹ ಕೈಗಳು ವಿರಳ. ಹೂತ ಮರಗಳೇ ಬಹಳ. ಇದು ಕೊರತೆಯೆಂದು ನಾನು ಭಾವಿಸಲಾರೆ. ವ್ಯಾನ್‌ಗೋನ ಸೈಪ್ರೆಸ್ ತಳಮಳದಿಂದ ಹೊರಳುತ್ತದೆ. ರುಮಾಲೆಯವರ ಗುಲ್‌ಮೊಹರ್ ದಾರಿಹೋಕರೆಲ್ಲರಿಗೂ ನೆರಳಿತ್ತು ನಿಲ್ಲುತ್ತದೆ. ಅಲ್ಲಿ ಮರವೇ ದಾಸೋಹಿ.

ನಮ್ಮ ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯವಿದೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಕೈಗಳೂ, ಹರಿಹರದ ತುಂಗಭದ್ರೆಯ ದಡದ ಮರಗಳೂ ಅದರ ವಿದ್ಯಾರ್ಥಿಗಳಿಗೆ ದೂರವಲ್ಲ. ಎರಡನ್ನೂ ಕಾಣಬಲ್ಲ ಕಣ್ಣು ಅವರಿಗೆ ಒದಗಲಿ.