ಅಜ್ಜಿಯ ತವರು ಯಾವ ದಫ್ತರದಲ್ಲಿ?

ಅಮೆರಿಕದ ಮಾರ್ಮನ್ ಪಂಥದವರ ಕೈಗಾಡಿ ಪಯಣದ ಯಾದಿಗಳ ಬಗ್ಗೆ ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಇಲಿನಾಯ್‌ನ ನಾವೂ ಪಟ್ಟಣವನ್ನು 1846ರಲ್ಲಿ ಬಿಟ್ಟು ಹೊರಟ ಆ ಜನರ ಮೊದಲ ತಂಡ ಸಾಲ್ಟ್ ಲೇಕ್ ಕಣಿವೆ ಮುಟ್ಟಿದ್ದು 1847ರ ಜುಲೈಯಲ್ಲಿ. 1869ರಲ್ಲಿ ರೈಲು ಬರುವ ತನಕ ಸುಮಾರು 70 ಸಾವಿರ ಮಂದಿ ಅದೇ ದಿಕ್ಕು ಹಿಡಿದರು. ಎತ್ತು-ಬಂಡಿಗೆ ದುಡ್ಡಿಲ್ಲದ ಸುಮಾರು 3,000 ಜನ 1856ರಿಂದ 1860ರೊಳಗೆ ಹತ್ತು ತಂಡವಾಗಿ, ಕೈಗಾಡಿ ಎಳೆಯುತ್ತ ನಡೆದೇ ಹೋದರು. ಯಾವ ತಂಡದಲ್ಲಿ ಯಾರಿದ್ದರು, ದಾರಿಯಲ್ಲಿ ಯಾರು ತೀರಿಕೊಂಡರು ಎಂಬುದನ್ನು ತಂಡದ ದಿನಚರಿಯಿಂದಲೂ ಹೆಣ್ಣುಮಕ್ಕಳು ಬರೆದಿಟ್ಟ ಡೈರಿಗಳಿಂದಲೂ ಹುಡುಕಿ ತೆಗೆಯಬಹುದು. ಸಾಲ್ಟ್ ಲೇಕ್ ಸಿಟಿಯ ಚರ್ಚ್ ಇತಿಹಾಸ ಗ್ರಂಥಾಲಯ ಅವುಗಳಲ್ಲಿ ಬಹಳಷ್ಟನ್ನು ಕಾಪಾಡಿಕೊಂಡಿದೆ.

ಸತ್ತ ಹಿರಿಯರ ಪರವಾಗಿಯೂ ದೀಕ್ಷಾಸ್ನಾನ ಮಾಡಿಸಬಹುದು, ಗಂಡ-ಹೆಂಡಿರ ನಂಟು ಸಾವಿನಾಚೆಗೂ ಉಳಿಯುತ್ತದೆ ಎಂಬುದು ಮಾರ್ಮನ್ನರ ನಂಬಿಕೆ. ಹಾಗಾಗಿ ಹೆಂಡತಿಯ ತವರಿನ ಹೆಸರು, ಅವಳ ತಾಯಿಯ ತವರಿನ ಹೆಸರು, ಎಲ್ಲವೂ ಅವರಿಗೆ ಬೇಕು. 1894ರಲ್ಲೇ ವಂಶಾವಳಿ ಸಂಘ ಕಟ್ಟಿ, 1938ರಿಂದ ದೇಶದೇಶದ ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿದರು. ಹರಿದ್ವಾರದ ಪಂಡಾಗಳ ವಂಶಾವಳಿಯ ಬಹಿಗಳನ್ನೂ ಬಿಡಲಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಲಕ್ಷ್ಮೇಶ್ವರ ಕಡೆಯ ಅಡರಕಟ್ಟಿಯಿಂದ ಓದುಗರೊಬ್ಬರ ಫೋನ್ ಬಂತು. ‘ಹೆಳವರ ಹೊತ್ತಿಗೆಯೊಳಗ ನಮ್ಮ ಮನೆತನದ್ದು ಏಳು ತಲಿ ಸಿಕ್ಕಾವ್ರಿ. ಆದ್ರ ನಮ್ಮ ಮುತ್ಯಾನ ತಾಯಿ ಯಾವ ಊರಾಕಿ ಅನ್ನೋದು ಒಬ್ಬರಿಗೂ ಗೊತ್ತಿಲ್ರಿ. ಎಲ್ಲಿ ಹುಡುಕಲಿ?’ ಎಂದರು. ಕೈಗಾಡಿ ಇನ್ನೊಂದು ವಾರ ಕಾಯಲಿ. ಈ ಪ್ರಶ್ನೆ ಕಾಯಬಾರದು, ಏಕೆಂದರೆ ಇದಕ್ಕೆ ಉತ್ತರ ಬಲ್ಲ ಮುದುಕಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಊರೂರು ತಿರುಗಿ ಮನೆತನಗಳ ವಂಶಾವಳಿ ಬರೆದಿಟ್ಟು ಓದಿ ಹೇಳುವ ಹೆಳವರನ್ನು ಹಳಿಯುವ ಒಂದು ಪಂಥ ನಮ್ಮಲ್ಲಿದೆ. ಎತ್ತಿನ ಮೇಲೆ ಬರುವವನು ಕಾಳು ಕೊಟ್ಟವರನ್ನು ಹೊಗಳುತ್ತಾನೆ, ಅವನ ಮಾತಿಗೆ ಆಧಾರವೇನು, ಕಾಗದ ತೋರಿಸಿ ಎನ್ನುವವರು. ಅವರಿಗೆ ನನ್ನದೊಂದು ಪ್ರಶ್ನೆ: ನಿಮ್ಮ ಕಾಗದ ಎಲ್ಲಿಯವರೆಗೆ ಹೋಗುತ್ತದೆ? ಬ್ರಿಟಿಷ್ ಮುಂಬಯಿ ಇಲಾಖೆಯಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂದದ್ದೇ 1903ರಲ್ಲಿ. ಅದಕ್ಕೂ ಹಿಂದೆ ವಂಶಾವಳಿ ಬರೆದುಕೊಡಬೇಕಾಗಿ ಬಂದವರು ಇನಾಮದಾರರು, ಗೌಡರು, ಕುಲಕರ್ಣಿಯರು. 1852ರ ಇನಾಮು ಕಾಯ್ದೆಗೂ 1874ರ ವತನ ಕಾಯ್ದೆಗೂ ತಮ್ಮ ಹಕ್ಕು ಸಾಬೀತು ಮಾಡಬೇಕಾದವರು. ಸಾದಾ ಒಕ್ಕಲಿಗನ ಮುತ್ತಜ್ಜನನ್ನು ಯಾವ ಸರಕಾರ ಕೇಳಿತ್ತು? ಮೂಲ ಊರು ಯಾವುದು, ಬೆಡಗು ಯಾವುದು, ಧಾತು ಸಂವತ್ಸರದ ಬರದಲ್ಲಿ ಯಾವ ಅಣ್ಣ ಊರು ಬಿಟ್ಟ, ಯಾವ ತಮ್ಮ ಉಳಿದ ಎಂದು ಹೆಳವನೊಬ್ಬನೇ ಹೇಳಬಲ್ಲ. ಮೊಬೈಲಿನಲ್ಲಿ ಒಬ್ಬರ ವಂಶವೃಕ್ಷವನ್ನು ಇನ್ನೊಬ್ಬರು ನಕಲು ಮಾಡಿ, ಚಾಲುಕ್ಯರಿಗೆ ಗಂಟು ಹಾಕಿ ಹಂಚುವ ಈಗಿನ ಚಾಳಿಗಿಂತ ಹೆಳವನ ಹೊತ್ತಿಗೆ ನೂರು ಪಾಲು ನೆಚ್ಚಿಕೆಯದು. ಪ್ರತಿ ಸಲ ಬಂದಾಗ ಹೊಸದಾಗಿ ಹುಟ್ಟಿದ ಕೂಸಿನ ಹೆಸರನ್ನು ಮನೆಯವರ ಎದುರಿಗೇ ಕೇಳಿ ಬರೆದುಕೊಳ್ಳುವವನು ಅವನು.

ಆದರೆ ಆ ಹೊತ್ತಿಗೆಯಲ್ಲಿ ಹೆಚ್ಚಾಗಿ ಸಿಗುವುದು ಗಂಡಸರೇ. ಅಪ್ಪ, ಅವನ ಮಗ, ಅವನ ಮಗ. ಮಗಳನ್ನು ಕೊಟ್ಟ ಮೇಲೆ ಅವಳ ಎಳೆ ಅಲ್ಲಿಗೆ ಕಡಿಯುತ್ತದೆ.

ಆ ಕಾಲದಲ್ಲಿ ಹೆಣ್ಣಿನ ಹೆಸರು ಸರಕಾರಿ ದಫ್ತರದಲ್ಲಿ ಹೆಚ್ಚಾಗಿ ಮೂಡುತ್ತಿದ್ದದ್ದು ಗಂಡ ಸತ್ತಾಗ. ಈಗಿನ ಕಂಪ್ಯೂಟರ್ ಪಹಣಿ ಉತಾರದಲ್ಲಿ ಅದು ಸಿಗದು. ಹಕ್ಕು ಬದಲಾವಣೆ ದಾಖಲಿಸಿದ ಹಿಂದಿನ ಡೈರಿ ತೆಗೆಸಬೇಕು. ಮಯತ ಖಾತೆದಾರನ ಹೆಸರು ಕಮ್ಮಿ ಮಾಡಿ, ವಾರಸಾ ಪ್ರಕಾರ ಸಣ್ಣ ಮಗನ ಹೆಸರು ದಾಖಲಿಸಿ, ಅದರ ಮುಂದೆ ‘ಅ.ಪಾ.ಕ. ತಾಯಿ’ ಎಂದು ಅವಳ ಹೆಸರು, ‘ಕೋಂ’ ಎಂದು ಗಂಡನ ಹೆಸರು, ಕೆಳಗೆ ಅವಳ ಎಡಗೈ ಹೆಬ್ಬೆಟ್ಟು. ಮಗ ಅಜ್ಞಾನ, ಅಂದರೆ ಇನ್ನೂ ವಯಸ್ಸಿಗೆ ಬಂದಿಲ್ಲ, ಪಾಲನಕರ್ತಳು ತಾಯಿ. ಈ ಒಂದು ಸಾಲಿನಿಂದ ಅವಳು ಎಷ್ಟು ಎಳೆ ಪ್ರಾಯದಲ್ಲಿ ವಿಧವೆಯಾದಳೆಂದು ಅಂದಾಜು ಮಾಡಬಹುದು. ಆ ಮೇಲೆ ದತ್ತಕಪತ್ರಗಳಿವೆ. ಮುಂಬಯಿ ಇಲಾಖೆಯ ಕಾನೂನಿನಲ್ಲಿ ವಿಧವೆಗೆ ದತ್ತು ತೆಗೆದುಕೊಳ್ಳುವ ಅಧಿಕಾರ ದೊಡ್ಡದಿತ್ತು. ಭೀಮಾಬಾಯಿ ವಿರುದ್ಧ ಗುರುನಾಥಗೌಡ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಅಂಥ ವ್ಯಾಜ್ಯದ ತೀರ್ಪುಗಳಲ್ಲಿ ಮನೆತನದ ವಂಶಾವಳಿ, ಹೆಂಡಿರ ಹೆಸರು ಸಮೇತ, ಅಚ್ಚಾಗಿರುತ್ತದೆ. ಹಳೆಯ ವಕೀಲರ ಕಪಾಟು ಕಂಡರೆ ನಾನು ಬಿಡುವುದಿಲ್ಲ.

ತವರೂರು ಮಾತ್ರ ಇವುಗಳಲ್ಲೂ ಅಪರೂಪ. ನಮ್ಮ ಸೀಮೆಯ ತೊಡಕು ಇನ್ನೊಂದಿದೆ. ಸ್ವಾತಂತ್ರ್ಯಕ್ಕೂ ಮುಂಚೆ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದು, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯದು. ಅಡರಕಟ್ಟಿಯ ಸೊಸೆ ಮುಂಡರಗಿ ಕಡೆಯಿಂದ ಬಂದಿದ್ದರೆ ಅವಳ ಹುಟ್ಟಿದ ಮನೆ ಬೇರೆ ಸರಕಾರದ ಕಾಗದದಲ್ಲಿದೆ. ಸಂಸ್ಥಾನಗಳು ವಿಲೀನವಾದದ್ದು 1948ರಲ್ಲಿ, ಗದಗ ಜಿಲ್ಲೆಯಾದದ್ದು 1997ರಲ್ಲಿ. ದಫ್ತರಗಳ ಜಾಡು ಹಿಡಿಯುವವರು ಇದನ್ನು ನೆನಪಿಡಬೇಕು. ಹಳೆಯ ಕಾಗದ ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲವರನ್ನೂ ಹುಡುಕಬೇಕು. ಮನೆ ಕ್ರೈಸ್ತರದಾದರೆ ಬೆಟಗೇರಿಯ ಬಾಸೆಲ್ ಮಿಷನ್ ಸಭೆಯ ದೀಕ್ಷಾಸ್ನಾನದ ಪುಸ್ತಕ ಕೇಳಿ.

ಅದಕ್ಕೇ ಫೋನ್ ಮಾಡಿದವರಿಗೆ ನಾನು ಹೇಳಿದ್ದು: ತಹಶೀಲ್ದಾರ ಕಚೇರಿ ಆಮೇಲೆ, ಮೊದಲು ಅಟ್ಟ ಹತ್ತಿ. ಮದುವೆಯಲ್ಲಿ ಕೊಟ್ಟ ಹಿತ್ತಾಳೆ ತಂಬಿಗೆ, ಕೊಡ, ಹಂಡೆಗಳ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸುವ ರೂಢಿ ಇತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿಲಿಗೆ ಓರೆಯಾಗಿ ಹಿಡಿದರೆ ಕೊಟ್ಟವರ ಹೆಸರು ಏಳುತ್ತದೆ, ಕೆಲವೊಮ್ಮೆ ಊರೂ ಏಳುತ್ತದೆ. ಆಯೇರಿ ಯಾದಿ ಉಳಿದಿದ್ದರೆ ಇನ್ನೂ ಒಳ್ಳೆಯದು. ಸೋದರಮಾವ ಯಾವ ಊರಿನಿಂದ ಏನು ತಂದ ಎಂಬುದೆಲ್ಲ ಅದರಲ್ಲಿರುತ್ತದೆ. ಹಳೆ ಬಾಂಡೆ ಹಾಕಿ ಸ್ಟೀಲ್ ತರುವ ಮುಂಚೆ ದಯಮಾಡಿ ಒಂದೊಂದರ ಫೋಟೋ ತೆಗೆದಿಡಿ. ಕರಗಿಸಿದ ತಾಮ್ರ-ಹಿತ್ತಾಳೆಯ ಜೊತೆ ನಮ್ಮ ಅಜ್ಜಿಯರ ತವರುಗಳು ಎಷ್ಟು ಕರಗಿ ಹೋದವೋ ಎಂದು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಊರಿನ ಹೆಸರು ಸಿಕ್ಕ ಮೇಲೆ ಆ ಊರಿಗೆ ಬರುವ ಹೆಳವರನ್ನು ಹಿಡಿಯಬೇಕು. ಅವಳ ಅಣ್ಣತಮ್ಮಂದಿರು ಆ ಹೊತ್ತಿಗೆಯಲ್ಲಿ ಇದ್ದೇ ಇರುತ್ತಾರೆ. ಸುಗ್ಗಿ ಮುಗಿದು ನಿಮ್ಮ ಹೆಳವ ನಿಮ್ಮ ಅಂಗಳಕ್ಕೆ ಬಂದಾಗ ಮಗಳ ಹೆಸರನ್ನು, ಕೊಟ್ಟ ಊರನ್ನು, ಅಳಿಯನ ಮನೆತನವನ್ನು ಮಗನ ಹೆಸರಿನ ಪಕ್ಕದಲ್ಲೇ ಬರೆಸಿ. ಸೊಸೆಯನ್ನು ಕರೆದು ಅವಳ ತಂದೆ-ತಾಯಿ, ಊರು ಹೇಳಿಸಿ. ಅವನು ಓದುವುದನ್ನು ಮೊಬೈಲಿನಲ್ಲಿ ಪೂರ್ತಿ ಧ್ವನಿಮುದ್ರಿಸಿಕೊಳ್ಳಿ. ಈ ಹೆಚ್ಚಿನ ಬರವಣಿಗೆಗೆ ಕಾಳಿನ ಜೊತೆ ಕೈತುಂಬ ರೊಕ್ಕವನ್ನೂ ಕೊಡಿ.